ಗೇರ್ ಹಾಕಿ, ಎಲೆ ಎತ್ತಿ, ದಾನ ಮಾಡಿ!
ಅಮೆರಿಕದ ಬೈಕ್ ಸವಾರರ ‘ಪೋಕರ್ ರನ್’ ನಡೆಯುವುದು ಹೀಗೆ

ಇಸ್ಪೀಟು ಎಂದಾಕ್ಷಣ ನಮ್ಮ ಕಡೆ ಕಣ್ಣ ಮುಂದೆ ಬರುವುದು ಏನು? ಜಾತ್ರೆಯ ಮೂಲೆಯಲ್ಲಿ ಅಂದರ್-ಬಾಹರ್, ತೋಟದ ಮನೆಯಲ್ಲಿ ಪೊಲೀಸ್ ದಾಳಿ, ಮರುದಿನ ಪತ್ರಿಕೆಯಲ್ಲಿ ‘ಇಷ್ಟು ಮಂದಿ ಬಂಧನ, ಇಷ್ಟು ನಗದು ವಶ’ ಎಂಬ ಸುದ್ದಿ. ಇನ್ನು ಬೈಕ್ ಹುಡುಗರ ಗುಂಪು ಎಂದರೆ ಊರಿನ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಇಸ್ಪೀಟು ಮತ್ತು ಬೈಕು ಎರಡನ್ನೂ ಸೇರಿಸಿ, ಅದರಿಂದ ಬಂದ ದುಡ್ಡನ್ನು ಕಾಯಿಲೆ ಬಿದ್ದವರ ಆಸ್ಪತ್ರೆ ಬಿಲ್ಲಿಗೆ ಕೊಡುತ್ತಾರೆ ಎಂದರೆ ನಂಬುತ್ತೀರಾ?

ನಂಬಲೇಬೇಕು. ಅಮೆರಿಕದಲ್ಲಿ ಇದು ದಶಕಗಳಿಂದ ನಡೆದು ಬಂದ ರೂಢಿ. ಅದರ ಹೆಸರು ‘ಪೋಕರ್ ರನ್’. ಬೇಸಿಗೆಯ ಶನಿವಾರ, ಭಾನುವಾರಗಳಲ್ಲಿ ಅಲ್ಲಿನ ಸಣ್ಣ ಊರುಗಳಲ್ಲಿ ಇಂಥ ಸವಾರಿಯ ನೋಟಿಸು ಅಂಗಡಿ ಬಾಗಿಲಲ್ಲಿ, ಪೆಟ್ರೋಲ್ ಬಂಕಿನಲ್ಲಿ ನೇತಾಡುತ್ತಿರುತ್ತದೆ. ಕೆಲಸಕ್ಕೆಂದೋ ಓದಿಗೆಂದೋ ಅಲ್ಲಿಗೆ ಹೋದ ನಮ್ಮ ಗಡಿನಾಡಿನ ಮಕ್ಕಳಿಗೂ ಈ ನೋಟಿಸು ಕಣ್ಣಿಗೆ ಬೀಳದೆ ಇರದು. ‘ಏನಿದು, ಜೂಜೋ, ರೇಸೋ, ದಾನವೋ?’ ಎಂಬ ಪ್ರಶ್ನೆ ಸಹಜ. ಉತ್ತರ ಸ್ವಲ್ಪ ಉದ್ದ ಇದೆ.

ಓಟ ಎಂಬ ಹೆಸರು, ಓಡುವವರಿಲ್ಲ

ಹೆಸರಿನಲ್ಲಿ ‘ರನ್’ ಇದ್ದರೂ ಇದು ವೇಗದ ಸ್ಪರ್ಧೆಯಲ್ಲ. ಮೊದಲು ತಲುಪಿದವನಿಗೆ ಬಹುಮಾನವಿಲ್ಲ. ಕೊನೆಗೆ ಬಂದವನೂ ಗೆಲ್ಲಬಹುದು. ಗೆಲುವು ನಿಲ್ಲುವುದು ಕೈಗೆ ಬಂದ ಐದು ಇಸ್ಪೀಟ್ ಎಲೆಗಳ ಮೇಲೆ. ಹೊಸ ಹಾರ್ಲಿ ಡೇವಿಡ್‌ಸನ್ ಗಾಡಿಯವನಿಗೂ ಹಳೇ ಗಾಡಿಯವನಿಗೂ ಇಲ್ಲಿ ಸಮಾನ ಅವಕಾಶ. ಅದೃಷ್ಟದ ಆಟ ಎಂಬುದೇ ಇದರ ಸುರಕ್ಷೆಯ ಗುಟ್ಟು. ಬೇಗ ಹೋದರೆ ಏನೂ ಲಾಭವಿಲ್ಲ ಎಂದು ಗೊತ್ತಿದ್ದರೆ ಯಾರು ತಾನೇ ಆಕ್ಸಿಲರೇಟರ್ ತಿರುವುತ್ತಾರೆ?

1924ರಲ್ಲಿ ಸ್ಥಾಪನೆಯಾದ ಅಮೆರಿಕನ್ ಮೋಟಾರ್‌ಸೈಕಲಿಸ್ಟ್ ಅಸೋಸಿಯೇಶನ್ ತನ್ನ ರಸ್ತೆ ಸವಾರಿ ಕಾರ್ಯಕ್ರಮಗಳಲ್ಲಿ ಪೋಕರ್ ರನ್ ಅನ್ನೂ ಒಂದು ಬಗೆಯಾಗಿ ಗುರುತಿಸಿದೆ. ಮೋಟಾರ್‌ಸೈಕಲ್ ಕ್ಲಬ್‌ಗಳು, ಅಗ್ನಿಶಾಮಕ ದಳದ ಸ್ವಯಂಸೇವಕರು, ಚರ್ಚುಗಳು, ಮಾಜಿ ಸೈನಿಕರ ಸಂಘಗಳು ಇದನ್ನು ನಡೆಸುತ್ತವೆ. ಮಾಜಿ ಸೈನಿಕರ ‘ಅಮೆರಿಕನ್ ಲೀಜನ್’ ಸಂಸ್ಥೆ ಹುಟ್ಟಿದ್ದು 1919ರಲ್ಲಿ. ಅದರ ಬೈಕ್ ಸವಾರರ ವಿಭಾಗ ಶುರುವಾದದ್ದು 1993ರಲ್ಲಿ, ಮಿಷಿಗನ್ ರಾಜ್ಯದ ಗಾರ್ಡನ್ ಸಿಟಿ ಎಂಬ ಊರಿನಲ್ಲಿ. ಇಂಥ ಸಂಘಗಳ ಸ್ಥಳೀಯ ಘಟಕಗಳಿಗೆ ಪೋಕರ್ ರನ್ ಎಂದರೆ ನಮ್ಮಲ್ಲಿ ಯುವಕ ಮಂಡಲಕ್ಕೆ ಸಹಾಯಾರ್ಥ ಯಕ್ಷಗಾನ ಇದ್ದ ಹಾಗೆ: ಜನ ಸೇರಬೇಕು, ಖುಷಿಯಾಗಬೇಕು, ಒಳ್ಳೆ ಕೆಲಸಕ್ಕೆ ನಾಲ್ಕು ಕಾಸು ಉಳಿಯಬೇಕು.

ಬೆಳಗ್ಗೆಯಿಂದ ಸಂಜೆವರೆಗೆ

ಬೆಳಗ್ಗೆ ಎಲ್ಲರೂ ಒಂದು ಕಡೆ ಸೇರುತ್ತಾರೆ. ಬೈಕ್ ಶೋರೂಮ್ ಅಂಗಳವೋ, ಸಂಘದ ಕಚೇರಿಯೋ, ಹೋಟೆಲ್ಲೋ ಆಗಬಹುದು. ಮೇಜಿನ ಮುಂದೆ ಸಾಲು. ಹೆಸರು ಬರೆಸಿ ಪ್ರವೇಶ ಧನ ಕಟ್ಟಬೇಕು. ಸಾಮಾನ್ಯವಾಗಿ 10ರಿಂದ 25 ಡಾಲರ್. ಹಿಂದೆ ಕೂತವರಿಗೆ ಕಡಿಮೆ ದರ. ಅಪಘಾತವಾದರೆ ಸಂಘಟಕರು ಹೊಣೆಯಲ್ಲ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆಮೇಲೆ ಕೈಗೆ ಒಂದು ರಸ್ತೆ ನಕ್ಷೆ, ಐದು ಮನೆಗಳಿರುವ ಒಂದು ಅಂಕಪಟ್ಟಿ.

ನೋಟಿಸಿನಲ್ಲಿ ‘ಕೆ.ಎಸ್.ಯು. 11 ಗಂಟೆ’ ಎಂದು ಬರೆದಿರುತ್ತದೆ. ‘ಕಿಕ್‌ಸ್ಟ್ಯಾಂಡ್ಸ್ ಅಪ್’ ಎಂಬುದರ ಮೊದಲಕ್ಷರಗಳಿವು. ಅಂದರೆ ಸ್ಟ್ಯಾಂಡ್ ತೆಗೆದು ಗಾಡಿ ಹೊರಡುವ ಹೊತ್ತು. ಕೆಲವು ಕಡೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಕೆಲವು ಕಡೆ ‘ಕೊನೆಯ ಬೈಕು ಇಷ್ಟು ಗಂಟೆಯೊಳಗೆ ಹೊರಡಬೇಕು, ಇಷ್ಟು ಗಂಟೆಯೊಳಗೆ ವಾಪಸು ಬರಬೇಕು’ ಎಂದಷ್ಟೇ ನಿಯಮ; ನಡುವೆ ಅವರವರ ಅನುಕೂಲ.

ದಾರಿಯಲ್ಲಿ ಐದು ನಿಲ್ದಾಣಗಳು. ಹೊರಡುವ ಜಾಗವೇ ಮೊದಲನೆಯದು, ಮುಗಿಯುವ ಜಾಗವೇ ಐದನೆಯದು ಎಂದು ಲೆಕ್ಕ ಹಾಕುವವರೂ ಇದ್ದಾರೆ. ಒಟ್ಟು ದೂರ ಹೆಚ್ಚಾಗಿ ನೂರು ಮೈಲಿ ಆಸುಪಾಸು, ಅಂದರೆ 160 ಕಿ.ಮೀ. ಮುಖ್ಯರಸ್ತೆ ಬಿಟ್ಟು ಹೊಲ, ಕಾಡು, ಕೆರೆ ಬದಿಯ ರಸ್ತೆಗಳನ್ನೇ ಆರಿಸುತ್ತಾರೆ.

ಪ್ರತಿ ನಿಲ್ದಾಣದಲ್ಲಿ ಒಬ್ಬ ಸ್ವಯಂಸೇವಕ ಇಸ್ಪೀಟ್ ಕಟ್ಟನ್ನು ಕವುಚಿ ಹರಡಿಕೊಂಡು ಕೂತಿರುತ್ತಾನೆ. ನೀವು ಒಂದು ಎಲೆ ಎತ್ತಬೇಕು. ಆಟೀನ್ ರಾಣಿ ಬಂತೋ, ಕಳಾವರ್ ಏಳು ಬಂತೋ, ಆತ ನಿಮ್ಮ ಪಟ್ಟಿಯ ಮೊದಲ ಮನೆಯಲ್ಲಿ ಅದನ್ನು ಬರೆದು ಸಹಿ ಅಥವಾ ಮೊಹರು ಹಾಕುತ್ತಾನೆ. ಎಲೆ ವಾಪಸು ಕಟ್ಟಿಗೆ. ನೀವು ನೀರು ಕುಡಿದು, ಗಾಡಿ ಏರಿ, ಮುಂದಿನ ಊರಿಗೆ. ಹೀಗೆ ಐದು ಊರು, ಐದು ಎಲೆ.

ಸಂಜೆ ಪಟ್ಟಿ ಒಪ್ಪಿಸಬೇಕು. ಯಾರ ಕೈ ಎಲ್ಲಕ್ಕಿಂತ ಮೇಲೋ ಅವರಿಗೆ ಮೊದಲ ಬಹುಮಾನ. ತಮಾಷೆ ಎಂದರೆ ಎಲ್ಲಕ್ಕಿಂತ ಕೆಟ್ಟ ಕೈಗೂ ಹಲವು ಕಡೆ ಒಂದು ಬಹುಮಾನವಿರುತ್ತದೆ! ಇಬ್ಬರದ್ದು ಸಮ ಆದರೆ ಇಬ್ಬರೂ ಇನ್ನೊಂದು ಎಲೆ ಎತ್ತಿ ತೀರ್ಮಾನಿಸುತ್ತಾರೆ. ಜತೆಗೆ ಊಟ, ಹಾಡು, ಹರಾಜು.

ಮೋಟಾರ್‌ಸೈಕಲ್ ಮಾತ್ರವಲ್ಲ, ದೋಣಿ, ಕುದುರೆ, ಹಿಮದ ಮೇಲೆ ಓಡುವ ಸ್ನೋಮೊಬೈಲ್, ಕೊನೆಗೆ ಪುಟ್ಟ ವಿಮಾನಗಳಲ್ಲೂ ಇದೇ ಆಟ ಆಡುವವರಿದ್ದಾರೆ. ವಿಮಾನದವರಿಗೆ ಒಂದೊಂದು ಪುಟ್ಟ ವಿಮಾನ ನಿಲ್ದಾಣದಲ್ಲಿ ಒಂದೊಂದು ಎಲೆ.

ಯಾವ ಕೈ ದೊಡ್ಡದು?

ನಮ್ಮಲ್ಲಿ ರಮ್ಮಿ, ಇಪ್ಪತ್ತೆಂಟು ಆಡುವವರಿಗೆ ಪೋಕರ್ ಲೆಕ್ಕ ಕಷ್ಟವೇನಲ್ಲ. ಒಂದೇ ಅಂಕಿಯ ಎರಡು ಎಲೆ ಬಂದರೆ ಜೋಡಿ. ಅದಕ್ಕಿಂತ ಮೇಲೆ ಎರಡು ಜೋಡಿ. ಅದರ ಮೇಲೆ ಒಂದೇ ಅಂಕಿಯ ಮೂರು ಎಲೆ. ಆಮೇಲೆ ಸಾಲು, ಅಂದರೆ 5, 6, 7, 8, 9ರಂತೆ ಸೀಕ್ವೆನ್ಸ್. ಅದರ ಮೇಲೆ ಐದೂ ಒಂದೇ ಜಾತಿಯ ಎಲೆ, ಅದಕ್ಕೆ ಫ್ಲಶ್ ಎನ್ನುತ್ತಾರೆ. ಮೂರು ಒಂದು ತರಹ, ಎರಡು ಇನ್ನೊಂದು ತರಹ ಬಂದರೆ ಫುಲ್ ಹೌಸ್. ಅದರ ಮೇಲೆ ಒಂದೇ ಅಂಕಿಯ ನಾಲ್ಕು. ಒಂದೇ ಜಾತಿಯಲ್ಲಿ ಸಾಲು ಬಂದರೆ ಇನ್ನೂ ಮೇಲು. ಒಂದೇ ಜಾತಿಯ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಂದರೆ ‘ರಾಯಲ್ ಫ್ಲಶ್’. ಅದಕ್ಕೆ ಎದುರಿಲ್ಲ.

52 ಎಲೆಯ ಒಂದು ಕಟ್ಟಿನಿಂದ ಐದು ಎಲೆ ತೆಗೆದರೆ 25,98,960 ಬಗೆಯ ಕೈಗಳು ಸಾಧ್ಯ. ಅದರಲ್ಲಿ ರಾಯಲ್ ಫ್ಲಶ್ ನಾಲ್ಕೇ ನಾಲ್ಕು. ನೂರು ಮಂದಿಯಲ್ಲಿ ಸುಮಾರು 50 ಜನರಿಗೆ ಏನೂ ಕೂಡುವುದಿಲ್ಲ, 42 ಜನರಿಗೆ ಬರೀ ಒಂದು ಜೋಡಿ. ಮೂರು ಒಂದೇ ತರಹದ ಎಲೆ ಅಥವಾ ಅದಕ್ಕೂ ಮೇಲಿನ ಕೈ ಸರಾಸರಿ ಮೂವರಿಗೆ. ಹಾಗಾಗಿ ಸಣ್ಣ ಸವಾರಿಗಳಲ್ಲಿ ‘ಮೂರು ರಾಜ’ ಬಂದವನು ಸಂಜೆವರೆಗೂ ಎದೆ ಢವಢವ ಎನ್ನಿಸಿಕೊಂಡು ಕೂತಿರುತ್ತಾನೆ.

ಇಲ್ಲೊಂದು ಸೂಕ್ಷ್ಮ ಇದೆ. ಪೋಕರ್ ರನ್‌ನಲ್ಲಿ ಪ್ರತಿ ನಿಲ್ದಾಣದಲ್ಲೂ ಬೇರೆ ಬೇರೆ ಪೂರ್ತಿ ಕಟ್ಟು ಇಟ್ಟಿರುತ್ತಾರೆ. ಎರಡು ಕಡೆ ಅದೇ ಇಸ್ಪೀಟ್ ಎಕ್ಕ ಬರಬಹುದು! ಆಗ ಲೆಕ್ಕವೇ ಬದಲು. ಐದೂ ಒಂದೇ ಜಾತಿ ಬರುವ ಸಾಧ್ಯತೆ ಒಂದೇ ಕಟ್ಟಿನಲ್ಲಾದರೆ ಸುಮಾರು 505ಕ್ಕೆ ಒಂದು. ಐದು ಕಟ್ಟುಗಳಲ್ಲಾದರೆ 256ಕ್ಕೆ ಒಂದು. ಒಂದೇ ಅಂಕಿಯ ಐದು ಎಲೆ ಎಂಬ ವಿಚಿತ್ರ ಕೈಯೂ ಸಾಧ್ಯ, 28,561ಕ್ಕೆ ಒಂದು. ಅದಕ್ಕೇ ತಿಳಿದ ಸಂಘಟಕರು ‘ಒಂದೇ ಎಲೆ ಎರಡು ಸಲ ಬಂದರೆ ಏನು, ಐದು ಎಕ್ಕ ಬಂದರೆ ಯಾವ ಸ್ಥಾನ’ ಎಂಬುದನ್ನು ಬೆಳಗ್ಗೆಯೇ ಬರೆದು ಅಂಟಿಸುತ್ತಾರೆ. ಬರೆಯದಿದ್ದರೆ ಸಂಜೆ ಜಗಳ ಗ್ಯಾರಂಟಿ.

ಮೋಸ ತಡೆಯಲೂ ಉಪಾಯಗಳಿವೆ. ಕೆಲವರು ಎಲೆಯ ಬದಲು ಅಂಟಿಸಿದ ಲಕೋಟೆ ಕೊಡುತ್ತಾರೆ. ಐದನ್ನೂ ಕೊನೆಗೆ ಎಲ್ಲರ ಎದುರು ಒಡೆಯಬೇಕು. ಮೊದಲು ಒಡೆದರೆ ಆ ಕೈ ರದ್ದು. ಇನ್ನು ಕೆಲವರು ಬರೀ ಸಂಖ್ಯೆ ಬರೆದುಕೊಂಡು, ಯಾವ ಸಂಖ್ಯೆಗೆ ಯಾವ ಎಲೆ ಎಂಬುದನ್ನು ಸಂಜೆ ಹೇಳುತ್ತಾರೆ. ಪೆನ್ಸಿಲಿನಲ್ಲಿ ತಿದ್ದಿ ಗೆಲ್ಲುವ ಜಾಣರಿಗೆ ಇಲ್ಲಿ ದಾರಿಯಿಲ್ಲ.

ದುಡ್ಡು ಎಲ್ಲಿಂದ, ದುಡ್ಡು ಎಲ್ಲಿಗೆ?

ಆಟ ಚೆಂದ, ಸರಿ. ನಿಜವಾದ ಪ್ರಶ್ನೆ ಇರುವುದು ಇಲ್ಲಿ: ಕಾಯಿಲೆಯವರ ಮನೆಗೆ ಕೊನೆಗೆ ಎಷ್ಟು ತಲುಪುತ್ತದೆ?

ಒಂದು ಉದಾಹರಣೆ ಲೆಕ್ಕ ಹಾಕೋಣ. 80 ಬೈಕು, ತಲಾ 20 ಡಾಲರ್, ಅಲ್ಲಿಗೆ 1,600. ಹಿಂದೆ ಕೂತವರು 30 ಮಂದಿ, ತಲಾ 10, ಅಲ್ಲಿಗೆ 300. ಜತೆಗೆ ‘ಫಿಫ್ಟಿ-ಫಿಫ್ಟಿ’ ಎಂಬ ಚೀಟಿ ಎತ್ತುವ ಆಟ. ಅದರಲ್ಲಿ ಚೀಟಿ ಮಾರಿ ಬಂದ ಹಣದಲ್ಲಿ ಅರ್ಧ ಗೆದ್ದವನಿಗೆ, ಅರ್ಧ ದಾನಕ್ಕೆ. 600 ಡಾಲರಿನ ಚೀಟಿ ಮಾರಾಟವಾದರೆ ದಾನಕ್ಕೆ 300. ಒಟ್ಟು 2,200 ಡಾಲರ್ ಕೈಯಲ್ಲಿದೆ.

ಈಗ ಖರ್ಚು. ಬಹುಮಾನಕ್ಕೆ 500, ಊಟಕ್ಕೆ 600, ಮುದ್ರಣ ಹಾಗೂ ವಿಮೆಗೆ 300 ಎಂದಿಟ್ಟುಕೊಳ್ಳಿ. ಉಳಿಯುವುದು 800 ಡಾಲರ್ ಮಾತ್ರ. ಅದೇ, ಬಹುಮಾನವನ್ನು ಬೈಕ್ ಅಂಗಡಿಯವರು ಕೊಟ್ಟು, ಊಟವನ್ನು ಹೋಟೆಲಿನವರು ಕೊಟ್ಟರೆ 1,900 ಉಳಿಯುತ್ತದೆ. ಅದೇ ಸವಾರರು, ಅದೇ ರಸ್ತೆ, ಅದೇ ಎಲೆಗಳು. ದಾನ ಮಾತ್ರ ಎರಡು ಪಟ್ಟಿಗಿಂತ ಹೆಚ್ಚು. ಹಾಗಾಗಿ ಅನುಭವಿ ಸಂಘಟಕರು ಸವಾರಿಗೆ ತಿಂಗಳುಗಟ್ಟಲೆ ಮೊದಲೇ ಅಂಗಡಿ ಅಂಗಡಿ ಹತ್ತಿ ಇಳಿಯುತ್ತಾರೆ. ಕಷ್ಟದ ಕೆಲಸ ಅದೇ. ನಿಲ್ದಾಣ ಎಂದು ಹೋಟೆಲನ್ನು ಆರಿಸಿದರೆ ಆ ಹೋಟೆಲಿಗೂ ಆ ದಿನ ವ್ಯಾಪಾರ. ಬದಲಿಗೆ ಅವರಿಂದ ಬಹುಮಾನಕ್ಕೆ ಒಂದು ವಸ್ತು.

‘ಮಲ್ಲಿಗನ್’ ಎಂಬ ಇನ್ನೊಂದು ಜಾಣತನವೂ ಇದೆ. ನಿಮ್ಮ ಕೈಯಲ್ಲಿ ಒಂದು ಎಲೆ ಇಷ್ಟವಾಗಲಿಲ್ಲ ಎಂದರೆ ಐದೋ ಹತ್ತೋ ಡಾಲರ್ ಕೊಟ್ಟು ಬದಲಾಯಿಸಿಕೊಳ್ಳಬಹುದು. ನಾಲ್ಕು ಆಟೀನ್ ಬಂದು ಐದನೆಯದು ಕಳಾವರ್ ಆದವನು ಕೊಡದೆ ಇರುತ್ತಾನೆಯೇ?

ಅಮೆರಿಕದ ತೆರಿಗೆ ಇಲಾಖೆಗೆ ಮಾತ್ರ ಇದರಲ್ಲಿ ಭಾವುಕತೆ ಇಲ್ಲ. ಬಹುಮಾನದ ಆಸೆಯಿಟ್ಟು ಕಟ್ಟಿದ ಚೀಟಿ ಹಣವನ್ನು ದಾನವೆಂದು ತೋರಿಸಿ ತೆರಿಗೆ ವಿನಾಯಿತಿ ಕೇಳುವಂತಿಲ್ಲ. ಗೆದ್ದ ಬಹುಮಾನ ಆದಾಯವೆಂದೇ ಲೆಕ್ಕ.

ಜೂಜೋ, ಅಲ್ಲವೋ?

ಅಮೆರಿಕದ ಕಾನೂನಿನಲ್ಲಿ ಸಾಮಾನ್ಯವಾಗಿ ಮೂರು ಅಂಶ ನೋಡುತ್ತಾರೆ. ಹಣ ಕೊಟ್ಟು ಸೇರಬೇಕೇ? ಫಲಿತಾಂಶ ಅದೃಷ್ಟದ ಮೇಲೆ ನಿಂತಿದೆಯೇ? ಬಹುಮಾನ ಇದೆಯೇ? ಮೂರೂ ಕೂಡಿದರೆ ಅದು ಲಾಟರಿ ಅಥವಾ ಜೂಜು. ಪೋಕರ್ ರನ್‌ನಲ್ಲಿ ಮೂರೂ ಇವೆ! ಆದ್ದರಿಂದ ಹಲವು ರಾಜ್ಯಗಳಲ್ಲಿ ದಾನಕ್ಕಾಗಿ ನಡೆಸುವ ಆಟಗಳಿಗೆ ಪ್ರತ್ಯೇಕ ನಿಯಮ, ಪರವಾನಗಿ ಇವೆ. ಯೂಟಾ, ಹವಾಯಿ ರಾಜ್ಯಗಳಂತೂ ಜೂಜಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹೀಗಾಗಿ ಕೆಲವು ಸಂಘಟಕರು ‘ಪ್ರವೇಶ ಉಚಿತ, ದಾನ ನಿಮ್ಮ ಇಷ್ಟ’ ಎಂದು ಬರೆದು ಮೊದಲ ಅಂಶವನ್ನೇ ತೆಗೆದುಬಿಡುತ್ತಾರೆ. ಒಂದು ರಾಜ್ಯದಲ್ಲಿ ನಡೆಯುವುದು ಗಡಿ ದಾಟಿದರೆ ನಡೆಯದು. ಗಡಿಯ ಈ ತಾಪತ್ರಯ ನಮಗೇನು ಹೊಸದೇ?

ಕೆಟ್ಟ ಹೆಸರು, ಒಳ್ಳೆ ಕೆಲಸ

ಅಮೆರಿಕದಲ್ಲೂ ಬೈಕ್ ಗುಂಪುಗಳಿಗೆ ಒಂದು ಕಾಲದಲ್ಲಿ ಕೆಟ್ಟ ಹೆಸರಿತ್ತು. 1947ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಎಂಬ ಪುಟ್ಟ ಊರಿನಲ್ಲಿ ನಡೆದ ಬೈಕ್ ಮೇಳ ಗದ್ದಲಕ್ಕೆ ತಿರುಗಿತು. ‘ಲೈಫ್’ ಪತ್ರಿಕೆಯ ಚಿತ್ರ ದೇಶವಿಡೀ ಸುದ್ದಿಯಾಯಿತು. 1953ರಲ್ಲಿ ಮರ್ಲಾನ್ ಬ್ರಾಂಡೋ ನಟಿಸಿದ ‘ದಿ ವೈಲ್ಡ್ ಒನ್’ ಚಿತ್ರ ಬಂದ ಮೇಲೆ ಚರ್ಮದ ಜಾಕೆಟ್ ಎಂದರೆ ಪುಂಡರು ಎಂಬ ಭಾವನೆ ಗಟ್ಟಿಯಾಯಿತು.

ಅದೇ 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನೌಕಾಸೇನೆಯ ಮರೀನ್ ಮೀಸಲು ಪಡೆಯ ಅಧಿಕಾರಿ ಬಿಲ್ ಹೆಂಡ್ರಿಕ್ಸ್ ಬಡ ಮಕ್ಕಳಿಗೆ ಕ್ರಿಸ್‌ಮಸ್ ಆಟಿಕೆ ಕೊಡುವ ‘ಟಾಯ್ಸ್ ಫಾರ್ ಟಾಟ್ಸ್’ ಆರಂಭಿಸಿದರು. ಮುಂದೆ ಇದೇ ಚರ್ಮದ ಜಾಕೆಟ್‌ನವರು ಬೈಕಿನ ಹಿಂದೆ ಗೊಂಬೆ ಕಟ್ಟಿಕೊಂಡು ಅದಕ್ಕೆ ಆಟಿಕೆ ಒಯ್ಯತೊಡಗಿದರು. ಗದ್ದಲದ ಗುಂಪು ಎಂದು ಹೆದರಿದ್ದ ಊರಿನವರೇ ಇಂದು ಇಂಥ ಸವಾರಿಗೆ ಊಟ ಬಡಿಸುತ್ತಾರೆ.

ಆದರೆ ಅಪಾಯ ಹೋಗಿಲ್ಲ. 2022ರಲ್ಲಿ ಅಮೆರಿಕದಲ್ಲಿ 6,200ಕ್ಕೂ ಹೆಚ್ಚು ಮೋಟಾರ್‌ಸೈಕಲ್ ಸವಾರರು ರಸ್ತೆಯಲ್ಲಿ ಸತ್ತರು. ಎಲ್ಲ ರಾಜ್ಯಗಳಲ್ಲೂ ವಯಸ್ಕರಿಗೆ ಹೆಲ್ಮೆಟ್ ಕಡ್ಡಾಯವಿಲ್ಲ. ಹಿಂದಿನಿಂದಲೂ ಪೋಕರ್ ರನ್ ನಿಲ್ದಾಣಗಳೆಂದರೆ ಬಾರ್‌ಗಳೇ ಹೆಚ್ಚು. ಐದು ನಿಲ್ದಾಣ, ಐದು ಬಾರ್ ಎಂದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ರಕ್ತದಲ್ಲಿ ಮದ್ಯದ ಮಿತಿ 0.08 ಶೇಕಡಾ; ನಮ್ಮಲ್ಲಿ ಅದು 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಅಂದರೆ 0.03 ಶೇಕಡಾ. ಈಗ ಜವಾಬ್ದಾರಿಯುತ ಸಂಘಟಕರು ಐಸ್‌ಕ್ರೀಂ ಅಂಗಡಿ, ಅಗ್ನಿಶಾಮಕ ಠಾಣೆ, ಬೈಕ್ ಶೋರೂಮುಗಳನ್ನು ನಿಲ್ದಾಣ ಮಾಡುತ್ತಾರೆ. ಗುಂಪಿನ ಮುಂದೆ ದಾರಿ ಬಲ್ಲವನೊಬ್ಬ, ಕೊನೆಯಲ್ಲಿ ಹಿಂದುಳಿದವರನ್ನು ನೋಡಿಕೊಳ್ಳುವವನೊಬ್ಬ. ನಡುವಿನವರು ಪಕ್ಕಪಕ್ಕ ಹೋಗದೆ ಎಡ-ಬಲ ಬಿಟ್ಟುಬಿಟ್ಟು ಸಾಗಬೇಕು. ಒಬ್ಬ ರೋಗಿಗೆ ನೆರವಾಗಲು ಹೋಗಿ ಇನ್ನೊಂದು ಮನೆಯ ದೀಪ ಆರಬಾರದಲ್ಲವೇ?

ನಮ್ಮ ಕಡೆ ಮಾಡಬಹುದೇ?

ಈ ಪ್ರಶ್ನೆ ಕೇಳದೆ ನಮ್ಮ ಹುಡುಗರು ಬಿಡುವುದಿಲ್ಲ. ಉತ್ತರ: ಸವಾರಿ ಆಗಬಹುದು, ಇಸ್ಪೀಟು ಬೇಡ.

ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ಅಂದಿನ ಆಂಧ್ರ ಸರ್ಕಾರ ಹೂಡಿದ ಪ್ರಕರಣ ಅದು. ಅದೇ ತೀರ್ಪಿನಲ್ಲಿ ಮೂರು ಎಲೆಯ ಆಟ ಬರೀ ಅದೃಷ್ಟದ್ದು ಎಂಬ ಮಾತೂ ಇದೆ. ಕಣ್ಣು ಮುಚ್ಚಿ ಎಲೆ ಎತ್ತುವ ಪೋಕರ್ ರನ್‌ನಲ್ಲಿ ಕೌಶಲ ಎಳ್ಳಷ್ಟೂ ಇಲ್ಲ. ಕಾನೂನೂ ಊರಿಗೊಂದು: ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆ, ಕಾಸರಗೋಡು, ವಯನಾಡಿಗೆ 1960ರ ಕೇರಳ ಗೇಮಿಂಗ್ ಕಾಯ್ದೆ, ಸೋಲಾಪುರ, ಜತ್ತ ಕಡೆಗೆ 1887ರಷ್ಟು ಹಳೆಯ ಜೂಜು ತಡೆ ಕಾಯ್ದೆ, ಆದೋನಿ, ಮಡಕಶಿರ ಕಡೆಗೆ 1974ರ ಆಂಧ್ರ ಕಾಯ್ದೆ.

ಲಾಟರಿಯ ಕಥೆಯೂ ಅಷ್ಟೇ. ಕೇರಳ ಸರ್ಕಾರ 1967ರಿಂದ ಲಾಟರಿ ನಡೆಸುತ್ತಿದೆ. 2011ರಲ್ಲಿ ಶುರುವಾದ ‘ಕಾರುಣ್ಯ’ ಲಾಟರಿಯ ಆದಾಯ ಬಡ ರೋಗಿಗಳ ಚಿಕಿತ್ಸೆಗೆಂದೇ ಮೀಸಲಾಯಿತು. ತಮಿಳುನಾಡು 2003ರಲ್ಲಿ, ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿದವು. 1998ರ ಕೇಂದ್ರ ಕಾಯ್ದೆಯ ಪ್ರಕಾರ ಲಾಟರಿ ನಡೆಸುವ ಹಕ್ಕು ರಾಜ್ಯ ಸರ್ಕಾರಗಳಿಗೆ ಮಾತ್ರ. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಖಾಸಗಿಯವರು ಹಣ ಪಡೆದು ಅದೃಷ್ಟದ ಬಹುಮಾನ ಇಟ್ಟರೆ ತೊಂದರೆ ತಪ್ಪಿದ್ದಲ್ಲ.

ಇಸ್ಪೀಟಿಲ್ಲದ ಮಾದರಿ ಬೇಕೇ? 2012ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮಾರ್ಕ್ ಹವಾ ಎಂಬವರು ‘ಡಿಸ್ಟಿಂಗ್ವಿಷ್ಡ್ ಜಂಟಲ್‌ಮನ್ಸ್ ರೈಡ್’ ಆರಂಭಿಸಿದರು. ಸೂಟು ಬೂಟು ತೊಟ್ಟು ಹಳೇ ಮಾದರಿಯ ಬೈಕುಗಳಲ್ಲಿ ಊರು ಸುತ್ತುವುದು. ಹಣ ಪುರುಷರ ಪ್ರಾಸ್ಟೇಟ್ ಕ್ಯಾನ್ಸರ್ ಸಂಶೋಧನೆಗೆ, ಮಾನಸಿಕ ಆರೋಗ್ಯಕ್ಕೆ. ಬೆಂಗಳೂರಿನಲ್ಲೂ ಈ ಸವಾರಿ ನಡೆದಿದೆ. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಮನೆಯ ಕೊಟ್ಟಿಗೆಯಲ್ಲಿ ಇದ್ದರೆ ಅದಕ್ಕೂ ಇಲ್ಲಿ ಮರ್ಯಾದೆ! ಇಲ್ಲಿ ಎಲೆಯಿಲ್ಲ, ಅದೃಷ್ಟವಿಲ್ಲ. ಸವಾರ ತನ್ನ ಗೆಳೆಯರಲ್ಲಿ, ನೆಂಟರಲ್ಲಿ ಕೇಳಿ ದೇಣಿಗೆ ಸೇರಿಸುತ್ತಾನೆ.

ಇನ್ನು ನಮ್ಮಲ್ಲೇ ಏನು ಕಡಿಮೆ? ಕಾಸರಗೋಡು ಕಡೆ ಖಾಸಗಿ ಬಸ್ಸುಗಳು ಒಂದು ದಿನದ ಗಳಿಕೆಯನ್ನೇ ರೋಗಿಯ ಚಿಕಿತ್ಸೆಗೆ ಕೊಡುವ ‘ಕಾರುಣ್ಯ ಯಾತ್ರೆ’ ಗೊತ್ತಿಲ್ಲದವರಿಲ್ಲ. ‘ಬಿರಿಯಾನಿ ಚಾಲೆಂಜ್’ ಪೊಟ್ಟಣ ಮನೆಮನೆಗೆ ಬಂದಿದೆ. ಉತ್ತರದ ಗಡಿಯಲ್ಲಿ ಊರ ಪಟ್ಟಿ ಎತ್ತಿ ಬಡವರ ಮದುವೆ, ಆಸ್ಪತ್ರೆ ಖರ್ಚು ನಡೆಸಿದ್ದು ಎಷ್ಟೋ. ಇದಕ್ಕೆ ಬೈಕ್ ಸವಾರಿ ಸೇರಿಸುವುದಾದರೆ ಐದು ನಿಲ್ದಾಣ ಇರಲಿ, ಎಲೆಯ ಬದಲು ಒಂದೊಂದು ಕಡೆ ಕನ್ನಡದ, ಊರಿನ ಇತಿಹಾಸದ ಒಂದೊಂದು ಪ್ರಶ್ನೆ ಇರಲಿ. ಸರಿಯುತ್ತರಕ್ಕೆ ಮೊಹರು, ಕೊನೆಗೊಂದು ಪ್ರಮಾಣಪತ್ರ. ಮೊದಲೇ ಪೊಲೀಸ್ ಠಾಣೆಗೆ ತಿಳಿಸಿ. ಗಡಿ ದಾಟುವುದಾದರೆ ಎರಡೂ ಕಡೆಯ ಠಾಣೆಗೆ. ಇಬ್ಬರಿಗೂ ಹೆಲ್ಮೆಟ್, ಚಾಲ್ತಿಯಲ್ಲಿರುವ ವಿಮೆ, ಲೈಸೆನ್ಸ್ ಇಲ್ಲದವರಿಗೆ ಪ್ರವೇಶವಿಲ್ಲ.

ಎಲ್ಲಕ್ಕಿಂತ ಮುಖ್ಯ, ಲೆಕ್ಕ. ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಮುಟ್ಟಿತು ಎಂಬ ಮೂರು ಅಂಕಿಯನ್ನು ವಾರದೊಳಗೆ ಊರಿನ ಓದುವ ಮನೆಯ ಗೋಡೆಗೆ ಅಂಟಿಸಿ. ಅಮೆರಿಕವಿರಲಿ, ಮಂಜೇಶ್ವರವಿರಲಿ, ಒಂದು ಸಲ ಲೆಕ್ಕ ತಪ್ಪಿದರೆ ಮುಂದಿನ ವರ್ಷ ಜನ ಬಾಗಿಲು ತೆರೆಯುವುದಿಲ್ಲ. ಆಗ ನಷ್ಟ ಆಗುವುದು ಸಂಘಟಕರಿಗಲ್ಲ, ಮುಂದಿನ ಸಲ ಕಾಯಿಲೆ ಬೀಳುವ ಮನೆಗೆ.